ಜಡೆ ಹಾಕಿದ ಉಲ್ಲನ್ ಟೋಪಿ: ಎರಡು ಕಡ್ಡಿಯಲ್ಲಿ ಹೆಣೆಯುವ ಬಗೆ

ನಾನು ಮೊದಲ ಸಲ ಇಂಥ ಟೋಪಿ ಹೆಣೆದದ್ದು 1994ರ ಚಳಿಗಾಲದಲ್ಲಿ, ಪಠಾಣ್‌ಕೋಟ್‌ನಲ್ಲಿ. ನಮ್ಮ ಯಜಮಾನರು ಸೈನ್ಯದಲ್ಲಿದ್ದರು. ಮಧ್ಯಾಹ್ನ ಬಿಸಿಲು ಬಂತೆಂದರೆ ಕ್ವಾರ್ಟರ್ಸ್‌ನ ಹೆಂಗಸರೆಲ್ಲ ಮಂಚ ಹೊರಗೆ ಹಾಕಿಕೊಂಡು, ಉಲ್ಲನ್ ಉಂಡೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಕಾಂಗ್ರಾ ಕಡೆಯ ಒಬ್ಬ ದೀದಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಸೀದಾ (ಇಂಗ್ಲಿಷಿನ ನಿಟ್), ಉಲ್ಟಾ (ಪರ್ಲ್) ಎಂಬ ಮಾತುಗಳು ಅವರಿಂದ ಬಂದವು. ಕಡ್ಡಿಯ ಮೇಲಿರುವ ಒಂದೊಂದನ್ನೂ ಅವರು ಫಂದಾ ಅನ್ನುತ್ತಿದ್ದರು, ನಾನು ಕುಣಿಕೆ ಅನ್ನುತ್ತೇನೆ. ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಮೂಡಿಸುವ ಕೇಬಲ್ ಅನ್ನುವ ವಿನ್ಯಾಸಕ್ಕೆ ನಮ್ಮ ಮನೆಯಲ್ಲಿ ಜಡೆ ಅಂತಲೇ ಹೆಸರು.

ಅದಕ್ಕೆ ಮೊದಲು ನಾನು ಸಾದಾ ಟೋಪಿ ಹೆಣೆದಿದ್ದೆ, 92 ಕುಣಿಕೆಯದ್ದು. ಅದೇ ಲೆಕ್ಕ ಇಟ್ಟುಕೊಂಡು ಜಡೆ ಹಾಕಿದೆ. ಎರಡು ವಾರ ಹೆಣೆದು ತೊಡಿಸಿದರೆ ಹಣೆಯಿಂದ ಮೇಲೇ ನಿಂತುಬಿಟ್ಟಿತು. ಕೊನೆಗೆ ಅದು ಪಕ್ಕದ ಮನೆಯ ಆರು ವರ್ಷದ ಹುಡುಗನ ತಲೆ ಸೇರಿತು. ದೀದಿ ಆಗ ನನ್ನ ಜಡೆ ಹಿಡಿದು ಒಂದು ಮಾತು ಹೇಳಿದರು. ಬಿಚ್ಚಿದ ಕೂದಲು ಬೆನ್ನು ತುಂಬ ಹರಡುತ್ತದೆ, ಹೆಣೆದರೆ ಎರಡು ಬೆರಳಗಲ ಆಗುತ್ತದೆ, ಬಟ್ಟೆಯೂ ಹಾಗೇ. ಈ ಟೋಪಿಯ ಗುಟ್ಟೆಲ್ಲ ಇದರಲ್ಲೇ ಇದೆ. ಜಡೆ ದಾಟಿಸಿದಲ್ಲೆಲ್ಲ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ಅದಕ್ಕೇ ಈ ಟೋಪಿಗೆ ಕುಣಿಕೆ ಜಾಸ್ತಿ ಬೇಕು, ಉಲ್ಲನ್ನೂ ಜಾಸ್ತಿ ಬೇಕು. ದಪ್ಪವಾಗುವುದರಿಂದ ಬೆಚ್ಚಗೂ ಇರುತ್ತದೆ.

ಈಗ ನಾನು ಸೋಮವಾರಪೇಟೆಯಲ್ಲಿದ್ದೇನೆ. ಮಗಳು ಕೆನಡಾದ ಕ್ಯಾಲ್ಗರಿಯಲ್ಲಿ. ಅಲ್ಲಿ ಚಳಿ ಬಿಗಿಯಾದ ದಿನಗಳಲ್ಲಿ ಮೈನಸ್ 30 ಡಿಗ್ರಿಗೂ ಇಳಿಯುತ್ತದೆ. ನಮ್ಮ ಮಳೆಗಾಲ ಶುರುವಾದಾಗ ಕಡ್ಡಿ ಹಿಡಿದರೆ, ಅವರ ಚಳಿಗಾಲದ ಹೊತ್ತಿಗೆ ಟೋಪಿ ಮುಟ್ಟುತ್ತದೆ. ಕೆಳಗಿನ ಲೆಕ್ಕ ಅವಳ ಟೋಪಿಯದ್ದೇ. 54ರಿಂದ 57 ಸೆಂಟಿಮೀಟರ್ ಸುತ್ತಳತೆಯ ತಲೆಗೆ ಸರಿಹೋಗುತ್ತದೆ. ಸೀದಾ, ಉಲ್ಟಾ ಎರಡೂ ಬರುವವರು ಯಾರು ಬೇಕಾದರೂ ಹೆಣೆಯಬಹುದು.

ಮೊದಲು ಉಲ್ಲನ್. ಅಷ್ಟು ಚಳಿಗೆ ನಿಜವಾದ ಉಣ್ಣೆಯೇ ಬೇಕು. ಸ್ವಲ್ಪ ಒದ್ದೆಯಾದರೂ ಉಣ್ಣೆ ಬೆಚ್ಚಗೇ ಇರುತ್ತದೆ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಎಷ್ಟೋ ಪಾಲು ಪೂರ್ತಿ ಆಕ್ರಿಲಿಕ್ ಆಗಿರುತ್ತದೆ, ಆದ್ದರಿಂದ ಲೇಬಲ್ ಓದಿ. ನಮ್ಮ ಊರಿನ ಚಳಿಗೆ, ಮಕ್ಕಳ ಟೋಪಿಗೆ ಆಕ್ರಿಲಿಕ್ ಸಾಕು. 150 ಗ್ರಾಂ ತನ್ನಿ. ಒಂದು ಟೋಪಿಗೆ ಸುಮಾರು 100 ಗ್ರಾಂ ಹಿಡಿಯುತ್ತದೆ, ಆದರೆ ಅಂಚು ಮಡಚುವ ಹಾಗೆ ಹೆಣೆದರೆ ಇನ್ನಷ್ಟು ಬೇಕು. ಎಲ್ಲ ಉಂಡೆಗಳ ಲಾಟ್ ನಂಬರ್ ಒಂದೇ ಇರಲಿ. ಆಮೇಲೆ ತಂದ ಉಂಡೆಯ ಬಣ್ಣ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಾಣುತ್ತದೆ, ಬಿಸಿಲಿಗೆ ಬಂದಾಗ ಬೇರೆ.

ದಾರ ಮಧ್ಯಮ ದಪ್ಪದ್ದು. 4.5 ಮಿಲಿಮೀಟರ್ ಕಡ್ಡಿಯಲ್ಲಿ ಸಾದಾ ಹೆಣೆದರೆ 10 ಸೆಂಟಿಮೀಟರಿಗೆ 18 ಕುಣಿಕೆ ಬರಬೇಕು. ತೆಳು ದಾರ ಮಾತ್ರ ಸಿಕ್ಕರೆ ಎರಡೆಳೆ ಸೇರಿಸಿ ಹೆಣೆಯಿರಿ. ಬಣ್ಣ ತಿಳಿಯಾಗಿರಲಿ. ಕೆನೆ ಬಣ್ಣ, ಬೂದು, ಸಾಸಿವೆ ಹಳದಿ ಇವುಗಳಲ್ಲಿ ಜಡೆ ಎದ್ದು ಕಾಣುತ್ತದೆ. ಕಪ್ಪಿನಲ್ಲಿ ಮುಚ್ಚಿಹೋಗುತ್ತದೆ, ಹೆಣೆಯುವಾಗ ನಿಮ್ಮ ಕಣ್ಣಿಗೂ ಕಷ್ಟ. ಬಣ್ಣ ಬಣ್ಣ ಬೆರೆತ ದಾರವಂತೂ ಬೇಡವೇ ಬೇಡ. ಅಷ್ಟು ಕಷ್ಟಪಟ್ಟು ಹಾಕಿದ ಜಡೆ ಆ ಬಣ್ಣಗಳ ನಡುವೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ.

ಕಡ್ಡಿ ಎರಡು ಜೊತೆ ಬೇಕು: ಹಣೆಯ ಮೇಲೆ ಕೂರುವ ಕೆಳಗಿನ ಅಂಚಿಗೆ 8ನೇ ನಂಬರ್, ಅಂದರೆ 4 ಮಿಲಿಮೀಟರ್. ಮೈಗೆ 7ನೇ ನಂಬರ್, ಅಂದರೆ 4.5 ಮಿಲಿಮೀಟರ್. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ನಂಬರಿನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಕಡ್ಡಿ ಸಣ್ಣದು, ಹೊಸಬರು ಇಲ್ಲೇ ತಪ್ಪುತ್ತಾರೆ. ಇವಲ್ಲದೆ ಜಡೆ ದಾಟಿಸಲು ಎರಡೂ ತುದಿ ತೆರೆದಿರುವ ಒಂದು ಗಿಡ್ಡ ಕಡ್ಡಿ ಬೇಕು. ದೀದಿ ಬಾಲ್‌ಪೆನ್ನಿನ ಖಾಲಿ ರೀಫಿಲ್ ತುಂಡು ಮಾಡಿ, ತೊಳೆದು ಬಳಸುತ್ತಿದ್ದರು. ನಾನೂ ವರ್ಷಗಟ್ಟಲೆ ಅದನ್ನೇ ಬಳಸಿದೆ. ಶಾಯಿ ಒಂದು ಹನಿಯೂ ಉಳಿದಿರಬಾರದು, ಅಷ್ಟೇ.

ಈಗ ತುಂಡು ಹೆಣೆದು ನೋಡುವ ಕೆಲಸ. ಇದನ್ನು ದಯವಿಟ್ಟು ಬಿಡಬೇಡಿ. ಸಾದಾ ತುಂಡು ಇಲ್ಲಿ ಪ್ರಯೋಜನವಿಲ್ಲ, ಜಡೆ ಹಾಕಿದ ತುಂಡೇ ಬೇಕು. 7ನೇ ನಂಬರಿನಲ್ಲಿ 29 ಕುಣಿಕೆ ಹಾಕಿ. ಎರಡು ಕೊನೆಯಲ್ಲಿ ಒಂದೊಂದು ಅಂಚಿನ ಕುಣಿಕೆ, ನಡುವೆ ಮೂರು ಜಡೆ. ಮುಂದೆ ಹೇಳುವ ಹಾಗೆ 24 ಸಾಲು ಹೆಣೆದು, ಒದ್ದೆ ಮಾಡಿ, ಎಳೆಯದೆ ಚಪ್ಪಟೆಯಾಗಿ ಒಣಗಿಸಿ ಅಳೆಯಿರಿ. ಅಂಚಿನ ಕುಣಿಕೆ ಬಿಟ್ಟು ಮೂರು ಜಡೆಯ ಅಗಲ 11.5ರಿಂದ 12 ಸೆಂಟಿಮೀಟರ್ ಬಂದರೆ 12 ಜಡೆಗೆ 46ರಿಂದ 48 ಆಗುತ್ತದೆ. 56ರ ತಲೆಗೆ 47 ಸಾಕಾ ಅನ್ನಿಸಬಹುದು. ಸಾಕು, ಹಿಗ್ಗಿ ಕೂರುತ್ತದೆ. ತಲೆಯಷ್ಟೇ ಅಳತೆಗೆ ಹೆಣೆದರೆ ಗಾಳಿಗೆ ಹಾರಿಹೋಗುತ್ತದೆ. 10.5 ಮಾತ್ರ ಬಂದರೆ ಕಡ್ಡಿ ಒಂದು ನಂಬರ್ ದಪ್ಪ ಮಾಡಿ. 13 ಬಂದರೆ ಒಂದು ನಂಬರ್ ಸಣ್ಣ ಮಾಡಿ. ತಲೆಯೇ ಚಿಕ್ಕದಿದ್ದರೆ ಒಂದು ಜಡೆ ಕಡಿಮೆ ಮಾಡಿ, ಸುಮಾರು 4 ಸೆಂಟಿಮೀಟರ್ ಇಳಿಯುತ್ತದೆ.

ಟೋಪಿಗೆ 8ನೇ ನಂಬರಿನಲ್ಲಿ 98 ಕುಣಿಕೆ ಹಾಕಿ, ಸ್ವಲ್ಪ ಸಡಿಲವಾಗಿ. ಇಲ್ಲಿ ಬಿಗಿ ಮಾಡಿದರೆ ಹಣೆಯ ಮೇಲೆ ಗೆರೆ ಬೀಳುತ್ತದೆ. ಒಂದು ಅಂಚಿನ ಕುಣಿಕೆ ಸೀದಾ, ಆಮೇಲೆ ಒಂದು ಉಲ್ಟಾ ಒಂದು ಸೀದಾ 48 ಸಲ, ಕೊನೆಗೆ ಅಂಚಿನದು ಸೀದಾ. ತಿರುಗಿಸಿ ಹಿಂದಿನ ಸಾಲಿಗೆ, ಅಂದರೆ ಬಟ್ಟೆಯ ಹಿಂಭಾಗ ನಿಮ್ಮ ಎದುರಿರುವ ಸಾಲಿಗೆ, ಬಂದಾಗ ಕಂಡ ಹಾಗೆ ಹೆಣೆಯಿರಿ. ಅಂದರೆ, ನಿಮಗೆ ಎದುರಾದ ಕುಣಿಕೆಯ ಕೆಳಗೆ ವಿ ಅಕ್ಷರದ ಆಕಾರ ಇದ್ದರೆ ಸೀದಾ, ರಾಗಿ ಕಾಳಿನ ಹಾಗೆ ಗಂಟು ಇದ್ದರೆ ಉಲ್ಟಾ. ಇಡೀ ಟೋಪಿಯಲ್ಲಿ ಹಿಂದಿನ ಸಾಲುಗಳಿಗೆಲ್ಲ ಇದೊಂದೇ ನಿಯಮ. ಬಟ್ಟೆ ನೋಡಿ ಹೆಣೆಯುವ ಅಭ್ಯಾಸ ಒಮ್ಮೆ ಬಂದರೆ ಕಾಗದ ಎದುರಿಗೆ ಇಡುವ ಅಗತ್ಯವೇ ಬರುವುದಿಲ್ಲ.

ಹೀಗೆ 5 ಸೆಂಟಿಮೀಟರ್, ನನ್ನ ಕೈಯಲ್ಲಿ 14 ಸಾಲು. ಕಿವಿಯ ಮೇಲೆ ಎರಡು ಪದರ ಬೇಕೆಂದರೆ 10 ಸೆಂಟಿಮೀಟರ್ ಹೆಣೆದು ಆಮೇಲೆ ಮಡಚಿಕೊಳ್ಳಿ. ಕೊನೆಯ ಸಾಲು ಹಿಂದಿನದಾಗಿರಬೇಕು. ಆ ಸಾಲಿನಲ್ಲಿ ಅಂಚಿನದು ಬಿಟ್ಟು ಪ್ರತಿ 8 ಕುಣಿಕೆ ಆದ ಮೇಲೆ, ಎರಡು ಕುಣಿಕೆಯ ನಡುವಿನ ಅಡ್ಡ ದಾರ ಎತ್ತಿ, ತಿರುಚಿ ಹೆಣೆದು ಒಂದು ಹೆಚ್ಚಿಸಿ. ತಿರುಚದಿದ್ದರೆ ತೂತು ಉಳಿಯುತ್ತದೆ. 12 ಸಲ ಹೆಚ್ಚಿಸಿದಾಗ 110 ಆಗುತ್ತದೆ. ಜಡೆ ಸೇದಿಕೊಳ್ಳುವ ಅಗಲವನ್ನು ಇಲ್ಲೇ ಮುಂಗಡ ಕೊಟ್ಟಂತೆ.

ಈಗ ಕಡ್ಡಿ ಬದಲಾಯಿಸಿ 7ನೇ ನಂಬರ್ ಹಿಡಿಯಿರಿ. 1ನೇ ಸಾಲು: ಅಂಚು ಸೀದಾ, ಮೂರು ಉಲ್ಟಾ ಆರು ಸೀದಾ 12 ಸಲ, ಅಂಚು ಸೀದಾ. ಕೆಳಗಿನ ಅಂಚಿನಲ್ಲಿ ಯಾವ ಕುಣಿಕೆ ಇತ್ತು ಅಂತ ಈ ಒಂದು ಸಾಲಿನಲ್ಲಿ ನೋಡಬೇಡಿ, ಲೆಕ್ಕ ಮಾತ್ರ ನೋಡಿ. 2ನೇ ಸಾಲು ಕಂಡ ಹಾಗೆ. 3 ಮತ್ತು 4 ಇದೇ ಥರ. ಆರು ಸೀದಾ ಇರುವ ಪಟ್ಟಿಯೇ ಜಡೆ, ಮೂರು ಉಲ್ಟಾ ಅದರ ಪಕ್ಕದ ಬೈತಲೆ.

5ನೇ ಸಾಲಿನಲ್ಲಿ ಜಡೆ ದಾಟಿಸುವುದು. ಅಂಚು ಸೀದಾ, ಆಮೇಲೆ ಮೂರು ಉಲ್ಟಾ ಹೆಣೆಯಿರಿ. ಮುಂದಿನ ಮೂರು ಕುಣಿಕೆಯನ್ನು ಹೆಣೆಯದೆ, ತಿರುಚದೆ ಗಿಡ್ಡ ಕಡ್ಡಿಗೆ ಜಾರಿಸಿ, ಬಟ್ಟೆಯ ಮುಂದೆ ನೇತುಬಿಡಿ. ಎಡಗೈ ಕಡ್ಡಿಯ ಮುಂದಿನ ಮೂರನ್ನು ಸೀದಾ ಹೆಣೆಯಿರಿ. ಮೊದಲನೆಯದನ್ನು ಹೆಣೆಯುವಾಗ ದಾರ ಸ್ವಲ್ಪ ಬಿಗಿಹಿಡಿಯಿರಿ, ಸಂದು ಬೀಳುವುದು ಅಲ್ಲೇ. ಆಮೇಲೆ ಗಿಡ್ಡ ಕಡ್ಡಿಯಲ್ಲಿ ಕಾದಿರುವ ಮೂರನ್ನು ಸೀದಾ ಹೆಣೆಯಿರಿ. ಅಷ್ಟೇ! ಹಿಂದಿನ ಮೂರು ಮುಂದಾಯಿತು, ಮುಂದಿನ ಮೂರು ಹಿಂದಾಯಿತು. ದಾಟಿಸುವಾಗ ಬಿಗಿ ಅನ್ನಿಸುತ್ತದೆ, ಕೈ ನಡುಗುತ್ತದೆ, ಕುಣಿಕೆ ಎಲ್ಲಿ ಬಿದ್ದುಹೋಗುತ್ತೋ ಅನ್ನಿಸುತ್ತದೆ. ಉಣ್ಣೆಗೆ ಹಿಡಿತ ಇದೆ, ಅಷ್ಟು ಸುಲಭವಾಗಿ ಬೀಳುವುದಿಲ್ಲ. ಮೂರನೇ ಜಡೆಯ ಹೊತ್ತಿಗೆ ಕೈ ತಾನೇ ಹೋಗುತ್ತದೆ.

ಮುಂದೆ ನೇತುಬಿಟ್ಟರೆ ಜಡೆ ಎಡಕ್ಕೆ ವಾಲುತ್ತದೆ, ಬಟ್ಟೆಯ ಹಿಂದೆ ಬಿಟ್ಟರೆ ಬಲಕ್ಕೆ. ನಾನು ಮೊದಲ ಆರನ್ನು ಮುಂದೆ, ಉಳಿದ ಆರನ್ನು ಹಿಂದೆ ಬಿಡುತ್ತೇನೆ. ತಲೆಯ ಎರಡೂ ಪಕ್ಕ ಒಂದಕ್ಕೊಂದು ಎದುರು ನೋಡಿದ ಹಾಗಿರುತ್ತದೆ, ನನಗೆ ಅದೇ ಚೆಂದ. ಮೊದಲ ಟೋಪಿಗೆ ಎಲ್ಲವೂ ಒಂದೇ ಕಡೆ ಇರಲಿ.

6, 7, 8ನೇ ಸಾಲು ಕಂಡ ಹಾಗೆ. ಹೀಗೆ 8 ಸಾಲಿಗೊಂದು ಆವರ್ತ, ಒಟ್ಟು ನಾಲ್ಕು ಆವರ್ತ, 32 ಸಾಲು. ದಾಟಿಸಿದ ಸಾಲಿನ ನಂತರ 7 ಸಾಲು ಸುಮ್ನೆ ಹೆಣೆದು, 8ನೆಯದರಲ್ಲಿ ಮತ್ತೆ ದಾಟಿಸುವುದು. ದಾಟಿಸಿದ ಸಾಲಿಗೆಲ್ಲ ಬೇರೆ ಬಣ್ಣದ ಚಿಕ್ಕ ದಾರ ಕಟ್ಟಿಡಿ. ಅಡುಗೆಮನೆಯಲ್ಲಿ ಹಾಲು ಉಕ್ಕಿತು ಅಂತ ಎದ್ದುಹೋದರೂ ಲೆಕ್ಕ ತಪ್ಪುವುದಿಲ್ಲ. ದಾಟಿಸುವ ಹೊತ್ತಿಗೆ ಬಟ್ಟೆಯ ಹಿಂಭಾಗ ನಿಮ್ಮ ಎದುರಿದ್ದರೆ ಎಲ್ಲೋ ಒಂದು ಸಾಲು ತಪ್ಪಿದೆ ಅಂತ ಅರ್ಥ.

ಕೆಳಗೆಲ್ಲೋ ಒಂದು ಜಡೆ ತಪ್ಪು ಕಡೆಗೆ ದಾಟಿದ್ದು ಆಮೇಲೆ ಕಂಡರೆ ಇಡೀ ಟೋಪಿ ಬಿಚ್ಚಬೇಡಿ. ಆ ಜಡೆಯ ಆರು ಕುಣಿಕೆಗಳನ್ನು ಮಾತ್ರ ಕಡ್ಡಿಯಿಂದ ಇಳಿಸಿ, ತಪ್ಪಿದ ಸಾಲಿನವರೆಗೂ ಬಿಚ್ಚಿ. ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ದಾರಗಳು ನಿಲ್ಲುತ್ತವೆ. ಕೆಳಗಿನ ದಾರದಿಂದ ಶುರುಮಾಡಿ, ಸರಿಯಾಗಿ ದಾಟಿಸಿ, ಒಂದೊಂದೇ ದಾರದಲ್ಲಿ ಆರಾರು ಕುಣಿಕೆ ಮೇಲಕ್ಕೆ ಹೆಣೆಯುತ್ತಾ ಬನ್ನಿ. ಇದನ್ನು ಕಲಿತ ದಿನ ನನಗೆ ಜಡೆಯ ಭಯ ಪೂರ್ತಿ ಹೋಯಿತು. ಬೇಕೆಂದರೆ ಮೊದಲೇ ತುಂಡಿನ ಮೇಲೆ ಒಮ್ಮೆ ಬಿಚ್ಚಿ ಹೆಣೆದು ನೋಡಿ.

ಈ ಜಡೆ ಲೋಕಕ್ಕೆಲ್ಲ ಪರಿಚಯವಾದದ್ದು ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳ ಸ್ವೆಟರ್‌ಗಳಿಂದ. ಅಲ್ಲಿ ಮನೆತನಕ್ಕೊಂದು ಜಡೆ ಇತ್ತು, ಮುಳುಗಿಹೋದ ಮೀನುಗಾರರನ್ನು ಅದರಿಂದಲೇ ಗುರುತಿಸುತ್ತಿದ್ದರು ಅಂತ ಒಂದು ಕಥೆ ಹೇಳುತ್ತಾರೆ. ಕೇಳಿದರೆ ಮನಸ್ಸು ಕಲಕುತ್ತದೆ, ಆದರೆ ನಿಜವಲ್ಲ. ಆ ಸ್ವೆಟರ್‌ಗಳು ಈಗಿನ ರೂಪಕ್ಕೆ ಬಂದದ್ದೇ 20ನೇ ಶತಮಾನದಲ್ಲಿ. ಅಲ್ಲಿನ ಹೆಂಗಸರು ಕೈಯಾರೆ ಕಂಡುಕೊಂಡ ವಿನ್ಯಾಸ ಅದು ಅನ್ನುವುದೇ ನನಗೆ ಸಾಕಷ್ಟು ದೊಡ್ಡದು.

ನೆತ್ತಿಗೆ ಬರೋಣ. ಕುಣಿಕೆ ಕಡಿಮೆ ಮಾಡುವುದು ಬಟ್ಟೆಯ ಮುಂಭಾಗದ ಸಾಲುಗಳಲ್ಲಿ ಮಾತ್ರ, ಹಿಂದಿನವೆಲ್ಲ ಕಂಡ ಹಾಗೆ. ಅಂಚಿನ ಎರಡು ಕುಣಿಕೆ ಹಾಗೇ ಇರುತ್ತವೆ. ಮೊದಲು ಬೈತಲೆ ಕಿರಿದಾಗಬೇಕು: ನೆತ್ತಿಯ 1ನೇ ಸಾಲಿನಲ್ಲಿ ಪ್ರತಿ ಮೂರು ಉಲ್ಟಾದಲ್ಲಿ ಎರಡನ್ನು ಸೇರಿಸಿ ಉಲ್ಟಾ ಹೆಣೆಯಿರಿ, 98 ಉಳಿಯುತ್ತದೆ. 3ನೇ ಸಾಲಿನಲ್ಲಿ ಉಳಿದ ಎರಡು ಉಲ್ಟಾವನ್ನೂ ಸೇರಿಸಿ, 86. 5ನೇ ಸಾಲಿನಲ್ಲಿ ಕಡಿಮೆ ಮಾಡದೆ ಕೊನೆಯ ಸಲ ಜಡೆ ದಾಟಿಸಿ. 7ನೇ ಸಾಲು: ಒಂದು ಉಲ್ಟಾ, ಜಡೆಯ ಆರನ್ನು ಎರಡೆರಡಾಗಿ ಸೇರಿಸಿ ಮೂರು ಸೀದಾ, 50. 9ನೇ ಸಾಲು: ಅಂಚು ಬಿಟ್ಟು ಎಲ್ಲವನ್ನೂ ಎರಡೆರಡು ಸೇರಿಸಿ ಸೀದಾ, 26. 11ನೇ ಸಾಲಿನಲ್ಲಿ ಅಂಚನ್ನೂ ಸೇರಿಸಿಕೊಂಡು ಎರಡೆರಡು, 13. ಒಂದು ಮೊಳ ದಾರ ಬಿಟ್ಟು ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, 13 ಕುಣಿಕೆಯ ಒಳಗೆ ಎರಡು ಸಲ ತೂರಿಸಿ ಬಿಗಿಯಾಗಿ ಎಳೆಯಿರಿ.

ಅದೇ ದಾರದಲ್ಲಿ ಹಿಂಬದಿಯ ಹೊಲಿಗೆ, ಮುಂಭಾಗ ನೋಡಿಕೊಂಡೇ. ಅಂಚಿನ ಕುಣಿಕೆ ಮತ್ತು ಅದರ ಪಕ್ಕದ ಕುಣಿಕೆಯ ನಡುವೆ ಇರುವ ಅಡ್ಡ ದಾರವನ್ನು ಈ ಕಡೆಯಿಂದೊಂದು, ಆ ಕಡೆಯಿಂದೊಂದು ಎತ್ತುತ್ತಾ ಬನ್ನಿ. ನಾಲ್ಕೈದು ಆದ ಮೇಲೆ ದಾರ ಎಳೆದರೆ ಅಂಚುಗಳು ಒಳಕ್ಕೆ ಹೋಗಿ, ಹೊಲಿಗೆ ಬೈತಲೆಯ ಪಕ್ಕ ಮುಚ್ಚಿಹೋಗುತ್ತದೆ. ಅಂಚು ಮಡಚುವ ಟೋಪಿಯಾದರೆ ಕೆಳಗಿನ 5 ಸೆಂಟಿಮೀಟರನ್ನು ಒಳಗಿನಿಂದ ಹೊಲಿಯಿರಿ, ಮಡಚಿದಾಗ ಹೊಲಿಗೆ ಹೊರಗೆ ಕಾಣಬಾರದು ಅಲ್ವಾ?

ಕೊನೆಗೆ ಅಂಟುವಾಳದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೀರು ತಣ್ಣಗಿರಲಿ, ಉಜ್ಜಬೇಡಿ, ಹಿಂಡಬೇಡಿ. ಬಿಸಿ ನೀರಿನಲ್ಲಿ ಉಜ್ಜಿದರೆ ಉಣ್ಣೆ ಕುಗ್ಗಿ ಕಂಬಳಿಯಾಗುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ, 16 ಸೆಂಟಿಮೀಟರ್ ಅಗಲದ ಸ್ಟೀಲ್ ಡಬ್ಬಿಯನ್ನು ಬೋರಲು ಹಾಕಿ ಅದಕ್ಕೆ ತೊಡಿಸಿ. ಜಡೆಗಳನ್ನು ಬೆರಳಿನಿಂದ ನೇರ ಮಾಡಿ ನೆರಳಿನಲ್ಲಿಡಿ. ನಮ್ಮ ಸೋಮವಾರಪೇಟೆಯ ಮಳೆಯಲ್ಲಿ ಒಣಗಲು ಮೂರು ದಿನ ಹಿಡಿಯುತ್ತದೆ, ಒಲೆಯ ಹತ್ತಿರ ಮಾತ್ರ ಇಡಬೇಡಿ.