ಕೋಳಿ ಗೂಡಿಗೆ ಮೂಡಣ ಬದಿಯನ್ನೇ ಆರಿಸಿದ್ದು

ಗೂಡಿನ ಜಾಗವನ್ನು ಮಳೆಗಾಲದಲ್ಲೇ ಗೊತ್ತು ಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ಮಲೆನಾಡಿನ ಯಾವ ಹಿತ್ತಲಾದರೂ ಒಣಗಿಯೇ ಇರುತ್ತದೆ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಎರಚಲು ಹೊಡೆಯುತ್ತದೆ ಅನ್ನುವುದು ತಿಳಿಯುವುದು ಜುಲೈನಲ್ಲಿ. ಹಾಗಾಗಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾಟಿ ಕೋಳಿ ಸಾಕುವುದೆಂದಾದಾಗ, ಜೋರು ಮಳೆ ಬಂದಾಗಲೆಲ್ಲ ಕೊಡೆ ಹಿಡಿದು ಹಿತ್ತಲು ಸುತ್ತಿದೆ.

ಅತ್ತೆಗೆ ಗೂಡು ದೂರ ಇರಬೇಕಿತ್ತು. "ಕೊಟ್ಟಿಗೆ ಆಚೆ ಕಟ್ಟಿಸೇ, ಇಲ್ಲಾದ್ರೆ ಅಡಿಗೆಮನೆಗೆಲ್ಲ ವಾಸನೆ" ಅಂದರು. "ಮಳೆಗಾಲದ ಗಾಳಿ ಪಡುವಣದಿಂದ ಬರುತ್ತಲ್ಲ ಅತ್ತೆ, ಮೂಡಣ ಬದಿಗೆ ಕಟ್ಟಿದ್ರೆ ವಾಸನೆ ಗದ್ದೆ ಕಡೆ ಹೋಗುತ್ತೆ" ಅಂದೆ. ಮನೆಯ ಗೋಡೆಯೇ ಎರಚಲಿಗೆ ಅಡ್ಡವಾಗುತ್ತದೆ, ಬೆಳಗಿನ ಎಳೆ ಬಿಸಿಲೂ ಸಿಗುತ್ತದೆ. ಚಳಿಗಾಲಕ್ಕೆ ಗಾಳಿ ತಿರುಗುತ್ತದೆ ನಿಜ, ಆದರೆ ಆಗ ಗೂಡಿನೊಳಗೆ ಹಾಸಿದ ಭತ್ತದ ಹೊಟ್ಟು ಒಣಗಿರುತ್ತದೆ. ಒಣ ಹೊಟ್ಟು ಅಷ್ಟಾಗಿ ನಾರುವುದಿಲ್ಲ.

ಇಡೀ ಲೆಕ್ಕ ಈ ಹೊಟ್ಟಿನದೇ. ಅದನ್ನು ಒಂದು ಮುಷ್ಟಿ ಹಿಡಿದು ಹಿಂಡುತ್ತೇನೆ. ಕೈ ಬಿಚ್ಚಿದಾಗ ಉದುರಿ ಹೋದರೆ ಸರಿ. ಉಂಡೆಯಾಗಿ ನಿಂತರೆ ತೇವ ಹೆಚ್ಚಾಯಿತು ಅಂತ ಅರ್ಥ, ಅವತ್ತೇ ತೆಗೆದು ಹೊಸದು ಹಾಸಬೇಕು. ತೇವದಲ್ಲಿ ಕಣ್ಣುರಿಸುವ ಅಮೋನಿಯಾ ಏಳುತ್ತದೆ, ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಬಲಿಯುತ್ತದೆ. ಜಾಗ ತಗ್ಗಿನಲ್ಲಿದ್ದರೆ ಎಷ್ಟು ಹೊಟ್ಟು ಸುರಿದರೂ ಪ್ರಯೋಜನವಿಲ್ಲ. ನಾನು ಆರಿಸಿದ್ದು ಸ್ವಲ್ಪ ಇಳಿಜಾರಿನ, ಮನೆಯ ಸೂರಿನ ನೀರು ಬೀಳದಷ್ಟು ಆಚೆಗಿನ ಜಾಗ. ಬಾವಿ ಅದಕ್ಕಿಂತ ಮೇಲ್ಗಡೆ ಇದೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಎರಡು ಅಡಿ ಎತ್ತರಿಸಿ ಗೂಡು ಕೂರಿಸಿದೆವು.

ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಡಿಸಿದೆ, ಮಧ್ಯಾಹ್ನದ ನಂತರದ ಬಿಸಿಲು ಸಣ್ಣ ಬದಿಗಷ್ಟೇ ತಾಗಲಿ ಅಂತ. ಆ ಪಶ್ಚಿಮದ ಬದಿಗೆ ಪೂರ್ತಿ ಹಲಗೆ, ಉತ್ತರ-ದಕ್ಷಿಣಕ್ಕೆ ಜಾಲರಿ. ದಕ್ಷಿಣದ ಮಾಡನ್ನು ಮಾತ್ರ ಮೂರು ಅಡಿ ಮುಂದಕ್ಕೆ ಚಾಚಿಸಿದ್ದೇನೆ. ಒಂದು ಕೋಳಿಗೆ ಎರಡು ಚದರ ಅಡಿಯಾದರೂ ಬೇಕು.

ಹಲಸಿನ ಮರದಡಿ ನೆರಳು ಚೆನ್ನಾಗಿತ್ತು, ಆದರೂ ಬೇಡವೆಂದೆ. ಹಣ್ಣು ಬಿದ್ದರೆ ಶೀಟು ಒಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೊಂಬೆಯೇ ಕಾಡುಬೆಕ್ಕಿಗೆ ದಾರಿ. ಮುಂಗುಸಿ ನೆಲ ಕೆದರಿ ನುಗ್ಗುತ್ತದೆ, ಹಾವು, ಇಲಿ ಅಗಲ ಕಣ್ಣಿನ ಬಲೆಯಲ್ಲಿ ತೂರುತ್ತವೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್‌ಗೆ (ಬೆಸುಗೆ ಹಾಕಿದ ತಂತಿ ಜಾಲರಿ) ದುಡ್ಡು ಜಾಸ್ತಿಯಾದರೂ ಅದನ್ನೇ ಹಾಕಿಸಿ.

ಜಾಲರಿಯಷ್ಟೇ ಮುಖ್ಯ, ರಾತ್ರಿ ಕೋಳಿ ಕಿರುಚಿದರೆ ನಮ್ಮ ಕಿವಿಗೆ ಬೀಳುವುದು. ಕೊಟ್ಟಿಗೆಯಾಚೆ ಕಟ್ಟಿದ್ದರೆ ಮಾಡಿನ ಮೇಲಿನ ಮಳೆಯ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಈಗ ಗೂಡಿನ ಬಾಗಿಲು ಅಡಿಗೆಮನೆ ಕಿಟಕಿಗೆ ನೇರ. ಸಂಜೆ ಬಾಗಿಲು ಹಾಕಿದೆಯೋ ಇಲ್ಲವೋ ಅಂತ ಅತ್ತೆಯೇ ಒಳಗಿನಿಂದ ನೋಡಿ ಹೇಳುತ್ತಾರೆ.