ಪ್ರವಾಸದಿಂದ ಬಂದ ಭೇದಿ: ಲ್ಯಾಬ್‌ನಲ್ಲಿ ರೋಗಾಣುವನ್ನು ಗುರುತಿಸುವುದು ಹೇಗೆ?

ಕಾಶಿಗೋ ಬ್ಯಾಂಕಾಕಿಗೋ ಹೋಗಿಬಂದವರಿಗೆ ಭೇದಿ ಹಿಡಿದರೆ ಬಹುತೇಕ ಸಲ ಓಆರ್‌ಎಸ್ ಕುಡಿದು ಸುಧಾರಿಸಿಕೊಂಡರೆ ಸಾಕು, ಪರೀಕ್ಷೆ ಬೇಡ. ಮಲದಲ್ಲಿ ರಕ್ತ ಬಿದ್ದರೆ, ಜ್ವರ ಜೋರಾಗಿದ್ದರೆ ಅಥವಾ 14 ದಿನವಾದರೂ ನಿಲ್ಲದಿದ್ದರೆ ಮಾತ್ರ ಸ್ಟೂಲ್ ಕಲ್ಚರ್ (ಮಲದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾತು.

1. ಮಾದರಿ

ಆ್ಯಂಟಿಬಯಾಟಿಕ್ ನುಂಗುವ ಮೊದಲೇ ಕೊಡಿ. ಮೂತ್ರ, ನೀರು ಸೇರದಿರಲಿ. ರಕ್ತ ಅಥವಾ ಲೋಳೆ ಇರುವ ಭಾಗವೇ ಡಬ್ಬಿಗೆ ಬರಲಿ. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟದಿದ್ದರೆ ರೋಗಾಣುವನ್ನು ದಾರಿಯಲ್ಲಿ ಜೀವಂತ ಇಡುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ ಕಳಿಸಬೇಕು, ಏಕೆಂದರೆ ರಕ್ತಭೇದಿ ತರುವ ಬ್ಯಾಕ್ಟೀರಿಯಾ ಶಿಗೆಲ್ಲಾ ಬಲು ನಾಜೂಕು, ದಾರಿಯಲ್ಲೇ ಸಾಯುತ್ತದೆ. ಎಲ್ಲಿಗೆ ಹೋಗಿದ್ದಿರಿ, ಏನು ತಿಂದಿರಿ ಎಂಬುದನ್ನೂ ಫಾರ್ಮಿನಲ್ಲಿ ಬರೆಯಿರಿ. ಸೀಗಡಿ, ಏಡಿ ಎಂದು ಕಂಡರೆ ಟೆಕ್ನಿಶಿಯನ್ ವಿಬ್ರಿಯೊ ಗುಂಪಿನ ಬ್ಯಾಕ್ಟೀರಿಯಾ ಬೆಳೆಸುವ ಟಿಸಿಬಿಎಸ್ ಪ್ಲೇಟನ್ನೂ ಹಾಕುತ್ತಾರೆ.

2. ಪ್ಲೇಟ್ ಓದುವುದು

ಮಾದರಿಯನ್ನು ಪೋಷಕಾಂಶವಿರುವ ಪ್ಲೇಟುಗಳ ಮೇಲೆ ಹಚ್ಚಿ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡುತ್ತಾರೆ. ಮ್ಯಾಕಾಂಕಿ ಎಂಬ ಪ್ಲೇಟಿನಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬಳಸುವ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಗುಲಾಬಿ ಕಾಲನಿ (ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪು) ಕಟ್ಟುತ್ತದೆ. ಸಾಲ್ಮೊನೆಲ್ಲಾ, ಶಿಗೆಲ್ಲಾಗಳಿಗೆ ಬಣ್ಣವಿಲ್ಲ. ಎಕ್ಸ್‌ಎಲ್‌ಡಿ ಎಂಬ ಇನ್ನೊಂದು ಪ್ಲೇಟಿನಲ್ಲಿ ಸಾಲ್ಮೊನೆಲ್ಲಾ ಸಾಮಾನ್ಯವಾಗಿ ಕೆಂಪು, ನಡುವೆ ಕಪ್ಪು ಚುಕ್ಕೆ. ಶಿಗೆಲ್ಲಾ ಬರೀ ಕೆಂಪು. ಟಿಸಿಬಿಎಸ್‌ನಲ್ಲಿ ಕಾಲರಾ ವಿಬ್ರಿಯೊ ಹಳದಿ, ಸಮುದ್ರಾಹಾರದ ಪ್ಯಾರಾಹೀಮೊಲಿಟಿಕಸ್ ಹಸಿರು.

ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾ ಕ್ಯಾಂಪಿಲೊಬ್ಯಾಕ್ಟರ್ ಈ ಪ್ಲೇಟುಗಳಲ್ಲಿ ಸಿಗುವುದಿಲ್ಲ. ಅದಕ್ಕೆ 42 ಡಿಗ್ರಿ, ಸುಮಾರು ಶೇ 5ರಷ್ಟು ಆಮ್ಲಜನಕ, 48 ಗಂಟೆ ಬೇಕು. ಹಲವು ಲ್ಯಾಬ್‌ಗಳಲ್ಲಿ ಕೇಳಿ ಹಾಕಿಸಬೇಕು.

3. ವೇಷಧಾರಿಗಳನ್ನು ಕಳಚುವುದು

ಬಣ್ಣ ನೋಡಿ ರಿಪೋರ್ಟ್ ಬರೆದರೆ ಕೆಟ್ಟಿತು. ಕರುಳಿನಲ್ಲಿ ಸಾಮಾನ್ಯವಾಗಿ ನಿರುಪದ್ರವಿಯಾದ ಪ್ರೋಟಿಯಸ್ ಬ್ಯಾಕ್ಟೀರಿಯಾ ಕೂಡ ಎಕ್ಸ್‌ಎಲ್‌ಡಿಯಲ್ಲಿ ಕಪ್ಪು ಚುಕ್ಕೆ ಇಟ್ಟುಕೊಂಡು ಸಾಲ್ಮೊನೆಲ್ಲಾದಂತೆ ಕುಳಿತಿರಬಹುದು. ಯೂರಿಯಾ ಟ್ಯೂಬಿಗೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ಅದು ಗುಲಾಬಿಯಾಗುತ್ತದೆ, ಸಾಲ್ಮೊನೆಲ್ಲಾ ಆಗುವುದಿಲ್ಲ. ಮೂರು ಬಗೆಯ ಸಕ್ಕರೆ ಮತ್ತು ಕಬ್ಬಿಣದ ಅಂಶವಿರುವ ಟಿಎಸ್‌ಐ ಟ್ಯೂಬಿನ ಇಳಿಜಾರು ಕೆಂಪು, ತಳ ಹಳದಿ, ಗಾಳಿಗುಳ್ಳೆಯಿಲ್ಲ, ಕಪ್ಪಿಲ್ಲ, ಚಲನೆಯೂ ಇಲ್ಲ ಎಂದರೆ ಶಿಗೆಲ್ಲಾ ಅನುಮಾನ. ಆಮೇಲೆ ಕಾಲನಿಯನ್ನು ಸ್ಲೈಡಿನ ಮೇಲೆ ಆ್ಯಂಟಿಸೀರಂ (ಆ ರೋಗಾಣುವಿಗೆ ಅಂಟುವ ಪ್ರತಿಕಾಯಗಳಿರುವ ದ್ರವ) ಹನಿಯೊಂದಿಗೆ ಕಲಸಿ ಹರಳುಗಟ್ಟುತ್ತದೆಯೇ ನೋಡುತ್ತಾರೆ. ಪಕ್ಕದ ಸಲೈನ್ ಹನಿಯಲ್ಲೂ ಹರಳುಗಟ್ಟಿದರೆ ಆ ಫಲಿತಾಂಶ ಲೆಕ್ಕಕ್ಕಿಲ್ಲ.

ನನಗೆ ಇಷ್ಟವಾದದ್ದು ವಿಬ್ರಿಯೊ ಪರೀಕ್ಷೆ. ಶೇ 0.5ರ ಸೋಡಿಯಂ ಡಿಯಾಕ್ಸಿಕೋಲೇಟ್ ಎಂಬ ಪಿತ್ತಲವಣದ ಹನಿಯಲ್ಲಿ ಕಾಲನಿ ಕಲಸಿ ಲೂಪ್ (ತುದಿಯಲ್ಲಿ ಬಳೆಯಿರುವ ತಂತಿ) ಎತ್ತಿದರೆ ಸಕ್ಕರೆಯ ಎಳೆಪಾಕದಂತೆ ದಾರ ಎದ್ದು ಬರುತ್ತದೆ.

4. ಪ್ಲೇಟಿಗೆ ಕಾಣದ ಇ. ಕೋಲೈ

ಪ್ರವಾಸಿಗಳ ಭೇದಿಗೆ ಅತಿ ಸಾಮಾನ್ಯ ಕಾರಣ ವಿಷ ಸ್ರವಿಸುವ ಇ. ಕೋಲೈ, ಅಂದರೆ ಇಟಿಇಸಿ. ನಮ್ಮ ಕರುಳಿನ ಸಾಧು ಇ. ಕೋಲೈಗೂ ಇದಕ್ಕೂ ಪ್ಲೇಟಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಎರಡೂ ಗುಲಾಬಿ. ಕೆಲವು ಇ. ಕೋಲೈ ತಳಿಗಳ ವಿಷಗುಣವನ್ನು ಕೋಲ್ಕತ್ತದ ಎಸ್‌.ಎನ್‌. ಡೇ ಮತ್ತು ಸಂಗಡಿಗರು 1956ರಲ್ಲೇ ಮೊಲದ ಕರುಳಿನಲ್ಲಿ ಪರೀಕ್ಷಿಸಿ ತೋರಿಸಿದ್ದರು. ಈಗ ಎಲ್‌ಟಿ, ಎಸ್‌ಟಿ ಎಂಬ ವಿಷಗಳ ಜೀನ್‌ಗಳನ್ನು ಪಿಸಿಆರ್‌ನಿಂದ (ಡಿಎನ್‌ಎಯ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಹುಡುಕುತ್ತಾರೆ. ಹಾಗಾಗಿ 'ಸಾಲ್ಮೊನೆಲ್ಲಾ, ಶಿಗೆಲ್ಲಾ ಬೆಳೆದಿಲ್ಲ' ಎಂಬ ರಿಪೋರ್ಟ್ ಬಂದರೆ ಆ ಎರಡು ಸಿಗಲಿಲ್ಲ ಎಂದಷ್ಟೇ ಓದಿಕೊಳ್ಳಿ.

ಮಲ್ಟಿಪ್ಲೆಕ್ಸ್ ಪಿಸಿಆರ್ ಕೆಲವೇ ಗಂಟೆಗಳಲ್ಲಿ ಹತ್ತಾರು ರೋಗಾಣುಗಳನ್ನು ಒಟ್ಟಿಗೆ ಹುಡುಕುತ್ತದೆ, ದರವೂ ಹೆಚ್ಚು. ಆದರೆ ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಅದು ಎತ್ತಿ ತೋರಿಸುತ್ತದೆ. ಯಾವ ಔಷಧಿ ನಾಟುತ್ತದೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ಅದರಲ್ಲಿ ಶಿಗೆಲ್ಲಾ ಬಂದರೆ ಅದೇ ಮಾದರಿಯನ್ನು ಕಲ್ಚರ್‌ಗೆ ಹಾಕಿಸಿ, ಯಾವ ಆ್ಯಂಟಿಬಯಾಟಿಕ್ ನಾಟುತ್ತದೆಂದು ಹೇಳುವ ಸೆನ್ಸಿಟಿವಿಟಿ ರಿಪೋರ್ಟ್ ಕೇಳಿ.