ಒಂದೇ ದಿನದಲ್ಲಿ ಲಿಯೋನ್ ನಡ್ಕೊಂಡೇ ನೋಡೋದು ಹೇಗೆ, ಚಿಕ್ಕಪೇಟೆ ಸುತ್ತಿದವರಿಗೆ ಹೇಳೋ ಹಾಗೆ

ಬೆಂಗಳೂರಿಂದ ಫ್ರಾನ್ಸಿಗೆ ಹೋಗೋರು ಪ್ಯಾರಿಸ್ಸಲ್ಲಿ ಐಫೆಲ್ ಟವರ್ ಮುಂದೆ ಫೋಟೋ ತೆಗೆಸ್ಕೊಂಡು ಅಲ್ಲಿಂದ ಸೀದಾ ಸ್ವಿಟ್ಜರ್ಲೆಂಡ್ ಅಂತ ಓಡ್ತಾರೆ, ಮಧ್ಯದಲ್ಲಿ ಲಿಯೋನ್ ಅಂತ ಎರಡು ಸಾವಿರ ವರ್ಷದ ಊರೊಂದು ಇದೆ ಅನ್ನೋದೇ ತಲೇಲಿರಲ್ಲ. ನಂಗೂ ಇರ್ಲಿಲ್ಲ. ಆಫೀಸ್ ಕೆಲಸಕ್ಕೆ ಹೋದಾಗ ಒಂದು ಶನಿವಾರ ಖಾಲಿ ಸಿಕ್ತು, ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್ನಿಂದ ಟಿಜಿವಿ ಅನ್ನೋ ಫಾಸ್ಟ್ ಟ್ರೈನ್ ಹತ್ತಿದ್ರೆ ಎರಡೇ ಗಂಟೆ ಅಂದ್ರು, ಹೋದೆ, ಆಮೇಲೆ ಇನ್ನೊಂದ್ಸಲ ಹೆಂಡತಿನೂ ಕರ್ಕೊಂಡು ಹೋದೆ. ಮೊದಲನೇ ಸಲ ಮಾಡಿದ ತಪ್ಪೆಲ್ಲ ಎರಡನೇ ಸಲ ಸರಿ ಮಾಡ್ಕೊಂಡಿದ್ದು, ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಊರಿನ ಲೆಕ್ಕ ಅರ್ಥ ಮಾಡ್ಕೊಳ್ಳಿ, ಆಮೇಲೆ ಮ್ಯಾಪ್ ನೋಡೋ ಅವಶ್ಯಕತೇನೇ ಅಷ್ಟಾಗಿ ಬರಲ್ಲ. ಎರಡು ನದಿ, ಎರಡು ಗುಡ್ಡ. ಸೋನ್ ನದಿ, ರೋನ್ ನದಿ. ಅವೆರಡರ ಮಧ್ಯ ನಾಲಿಗೆ ಥರ ಚಾಚಿಕೊಂಡಿರೋ ಸಪಾಟು ಜಾಗಕ್ಕೆ ಪ್ರೆಸ್ಕಿಲ್ ಅಂತಾರೆ. ಪಶ್ಚಿಮಕ್ಕೆ ಫೂರ್ವಿಯೇರ್ ಗುಡ್ಡ, ಉತ್ತರಕ್ಕೆ ಕ್ರೋವಾ ರೂಸ್ ಗುಡ್ಡ. ಚರ್ಚು, ಮಠ ಎಲ್ಲ ಮೊದಲನೇದರ ಮೇಲೆ, ನೇಕಾರರ ಮನೆಗಳೆಲ್ಲ ಎರಡನೇದರ ಮೇಲೆ, ಅದಕ್ಕೇ ಒಂದು ಪ್ರಾರ್ಥನೆ ಮಾಡೋ ಗುಡ್ಡ, ಇನ್ನೊಂದು ಕೆಲಸ ಮಾಡೋ ಗುಡ್ಡ ಅಂತ ಹೇಳ್ತಾರೆ. ಬೆಳಗ್ಗೆ ಪ್ರಾರ್ಥನೆ ಗುಡ್ಡ, ಸಂಜೆ ಕೆಲಸದ ಗುಡ್ಡ, ಮಧ್ಯಾಹ್ನ ಎರಡರ ನಡುವೆ ಊಟ, ಪ್ಲಾನ್ ಇಷ್ಟೇ. ಒಟ್ಟು ಎಂಟೊಂಬತ್ತು ಕಿಲೋಮೀಟರ್ ನಡಿಗೆ ಆಗುತ್ತೆ, ಆದ್ರೆ ಮೆಟ್ಟಿಲು ಜಾಸ್ತಿ, ದಾರಿಗೆ ಉರುಟು ಕಲ್ಲು ಹಾಸಿರ್ತಾರೆ. ನಾನು ಮೊದಲನೇ ಸಲ ಮಾಲ್‌ನಲ್ಲಿ ತಗೊಂಡ ಹೊಸ ಶೂ ಹಾಕ್ಕೊಂಡು ಹೋಗಿ ಮಧ್ಯಾಹ್ನ ಎರಡು ಗಂಟೆಗೇ ಹಿಮ್ಮಡಿ ಸುಲಿದು ಹೋಯ್ತು. ಹೊರಡೋಕೆ ಹದಿನೈದು ದಿನ ಮುಂಚೆ ಒಂದು ಭಾನುವಾರ ಅದೇ ಶೂ ಹಾಕ್ಕೊಂಡು ಅವೆನ್ಯೂ ರೋಡ್, ಚಿಕ್ಕಪೇಟೆ, ಕಬ್ಬನ್‌ಪೇಟೆ, ಬಳೇಪೇಟೆ ಒಂದು ರೌಂಡ್ ಹಾಕ್ಬಿಡಿ, ಕಾಲೂ ಪಳಗುತ್ತೆ, ಲಿಯೋನ್ ನೋಡೋಕೆ ಕಣ್ಣೂ ಪಳಗುತ್ತೆ, ಅದ್ಯಾಕೆ ಅಂತ ಮುಂದೆ ಹೇಳ್ತೀನಿ.

ಟ್ರೈನ್ ಇಳಿಯೋದು ಪಾರ್ ದ್ಯೂ ಸ್ಟೇಷನ್ನಲ್ಲಿ. ಅಲ್ಲಿಂದ ಮೆಟ್ರೋ ಬಿ ಲೈನ್ ಹಿಡ್ಕೊಂಡು ಸಾಕ್ಸ್ ಗಾಂಬೆಟಾದಲ್ಲಿ ಡಿ ಲೈನಿಗೆ ಬದಲಾಯಿಸಿ ವಿಯೂ ಲಿಯೋನ್‌ನಲ್ಲಿ ಇಳೀರಿ, ವಿಯೂ ಲಿಯೋನ್ ಅಂದ್ರೆ ಹಳೇ ಲಿಯೋನ್ ಅಂತಾನೇ ಅರ್ಥ. ಡಿ ಲೈನಿಗೆ ಡ್ರೈವರ್ ಇರಲ್ಲ, ಮಕ್ಕಳಿದ್ರೆ ಮುಂದಿನ ಗಾಜಿನ ಹತ್ರ ನಿಲ್ಲಿಸಿ. ಸ್ಟೇಷನ್ ಹೊರಗಡೆ ಬಂದು ಹಳೇ ಬೀದಿ ಕಾಣಿಸಿದ ತಕ್ಷಣ ನುಗ್ಗಬೇಡಿ, ಎಲ್ರೂ ಮಾಡೋ ತಪ್ಪು ಇದು. ಅಲ್ಲೇ ಸ್ಟೇಷನ್ನಲ್ಲೇ ಫೂನಿಕ್ಯುಲರ್ ಇದೆ, ಗುಡ್ಡಕ್ಕೆ ಹಗ್ಗ ಕಟ್ಟಿ ಎಳೆಯೋ ರೈಲು, ಊರಿನವರು ಅದಕ್ಕೆ ಫಿಸೆಲ್ ಅಂತಾರೆ, ದಾರ ಅಂತ ಅರ್ಥ. ಮೆಟ್ರೋ ಟಿಕೆಟ್ಟೇ ಅದಕ್ಕೂ ಆಗುತ್ತೆ. ಎರಡು ಲೈನ್ ಇವೆ, ಫೂರ್ವಿಯೇರ್ ಅಂತ ಬೋರ್ಡ್ ಇರೋದೇ ಹತ್ತಿ, ಇನ್ನೊಂದು ಸೇನ್ ಜ್ಯೂಸ್ತ್ ಕಡೆ ಹೋಗುತ್ತೆ. ಮೊದಲು ಮೇಲೆ ಹೋಗಿ ಆಮೇಲೆ ಇಳ್ಕೊಂಡು ಬಂದ್ರೆ ಮಂಡಿ ಉಳಿಯುತ್ತೆ.

ಮೇಲೆ ಇಳಿದ ತಕ್ಷಣ ಎದುರಿಗೇ ಬಸಿಲಿಕಾ, ಅಂದ್ರೆ ದೊಡ್ಡ ಚರ್ಚು. 1870ರ ಯುದ್ಧದಲ್ಲಿ ಜರ್ಮನ್ ಸೈನ್ಯ ಊರಿಗೆ ಬರದಿದ್ರೆ ಕಟ್ಟಿಸ್ತೀವಿ ಅಂತ ಹರಕೆ ಹೊತ್ತು, ಬರಲಿಲ್ಲ ಅಂತ 1872ರಲ್ಲಿ ಶುರು ಮಾಡಿದ್ದು. ನಾಲ್ಕು ಮೂಲೇಲಿ ನಾಲ್ಕು ಗೋಪುರ ಇರೋದ್ರಿಂದ ಊರಿನವರು ತಲೆಕೆಳಗಾಗಿ ಬಿದ್ದ ಆನೆ ಅಂತ ತಮಾಷೆ ಮಾಡ್ತಾರೆ, ಒಂದ್ಸಲ ಕೇಳಿದ್ಮೇಲೆ ಬೇರೆ ಥರ ಕಾಣಿಸೋದೇ ಇಲ್ಲ. ಒಳಗೆ ಮೊಸಾಯಿಕ್ ಕೆಲಸ ಕಣ್ಣು ಕುಕ್ಕುತ್ತೆ, ನಂಗೆ ಸ್ವಲ್ಪ ಜಾಸ್ತಿನೇ ಆಯ್ತು ಅನ್ನಿಸ್ತು. ಆದ್ರೆ ಹೊರಗಡೆ ಕಟ್ಟೆ ಮೇಲೆ ನಿಂತ್ರೆ ಇಡೀ ಊರು ಕೈಯಲ್ಲಿ, ಕೆಂಪು ಹೆಂಚಿನ ಮಾಡುಗಳು, ಎರಡು ನದಿ, ದೂರದಲ್ಲಿ ಪೆನ್ಸಿಲ್ ಅಂತ ಕರೆಯೋ ಒಂದು ಟವರ್, ಆಕಾಶ ಶುಭ್ರವಾಗಿದ್ರೆ ಆಲ್ಪ್ಸ್ ಕೂಡ. ಇಲ್ಲೇ ನಿಂತು ದಿನದ ದಾರಿ ಪೂರ್ತಿ ಬೆರಳಲ್ಲಿ ತೋರಿಸ್ಕೊಂಡ್ಬಿಡಿ, ಕೆಳಗೆ ಹಳೇ ಊರು, ಸೇತುವೆ, ಚೌಕ, ಎಡಗಡೆ ಕಾಣೋ ಗುಡ್ಡ ಸಂಜೆದು.

ಅಲ್ಲಿಂದ ಐದ್ಹತ್ತು ನಿಮಿಷ ನಡೆದ್ರೆ ರೋಮನ್ ಥಿಯೇಟರ್. ಈ ಊರನ್ನ ಕ್ರಿಸ್ತಪೂರ್ವ 43ರಲ್ಲಿ ರೋಮನ್ನರು ಲುಗ್ದುನುಮ್ ಅಂತ ಶುರು ಮಾಡಿದ್ದು ಈ ಗುಡ್ಡದ ಮೇಲೇನೇ. ಸುಮಾರು ಹತ್ತು ಸಾವಿರ ಜನ ಕೂರೋ ಜಾಗ, ಪಕ್ಕದಲ್ಲಿ ಓಡಿಯನ್ ಅಂತ ಹಾಡು, ಸಂಗೀತಕ್ಕೆ ಕಟ್ಟಿದ ಚಿಕ್ಕ ಥಿಯೇಟರ್, ಒಳಗೆ ಹೋಗೋಕೆ ದುಡ್ಡು ಕೊಡಬೇಕಾಗಿಲ್ಲ. ಮ್ಯೂಸಿಯಂ ಅಲ್ಲೇ ಇದೆ, ಚೆನ್ನಾಗಿದೆ, ಆದ್ರೆ ಒಂದೇ ದಿನ ಇರೋದಾದ್ರೆ ಬಿಟ್ಬಿಡಿ, ಒಳಗೆ ಹೋದ್ರೆ ಎರಡು ಗಂಟೆ ಹೋಗುತ್ತೆ, ಬೆಳಗಿನ ಟೈಮು ಕೆಳಗಡೆ ಬೇಕು. ಥಿಯೇಟರ್ ಕೆಳಗಿನ ಗೇಟಿಂದ ಹೊರಬಿದ್ದು ಮೋಂತೆ ಸೇನ್ ಬಾರ್ತೆಲೆಮಿ ರಸ್ತೆ ಹಿಡಿದು, ಆಮೇಲೆ ಮೋಂತೆ ದೆ ಶಾಜೋ ಅಂತ ಇನ್ನೂರಕ್ಕೂ ಜಾಸ್ತಿ ಮೆಟ್ಟಿಲಿರೋ ದಾರಿ ಇಳಿದ್ರೆ ಸೀದಾ ಹಳೇ ಊರಿನ ರ್ಯೂ ದ್ಯು ಬೆಫ್ ಬೀದಿಗೆ ಬಂದು ಬೀಳ್ತೀರಿ. ಹತ್ಕೊಂಡು ಬರೋರ ಮುಖ ನೋಡಿದ್ರೆ ಫೂನಿಕ್ಯುಲರ್ ಹತ್ತಿದ್ದು ಎಂಥಾ ಬುದ್ಧಿವಂತಿಕೆ ಅಂತ ಗೊತ್ತಾಗುತ್ತೆ.

ಇನ್ನು ಮಜಾ ಇರೋದು ಇಲ್ಲಿ, ನಿಧಾನವಾಗಿ ನಡೀರಿ. ಹಳೇ ಲಿಯೋನಿನ ಬೀದಿಗಳೆಲ್ಲ ನದಿಗೆ ಸಮನಾಗಿ ಉದ್ದುದ್ದ ಓಡ್ತವೆ, ಅಡ್ಡ ಬೀದಿ ಕಮ್ಮಿ. ಹಂಗಾಗಿ ಒಂದು ಬೀದಿಯಿಂದ ಇನ್ನೊಂದಕ್ಕೆ ಹೋಗೋಕೆ ಮನೆಗಳ ಒಳಗಿಂದಾನೇ ಸಂದಿ ಮಾಡ್ಕೊಂಡಿದಾರೆ, ಒಬ್ಬರ ಮನೆ ಬಾಗಿಲಲ್ಲಿ ಒಳಗೆ ಹೋಗಿ, ಅಂಗಳ ದಾಟಿ, ಸುರುಳಿ ಮೆಟ್ಟಿಲ ಪಕ್ಕ ಹಾದು, ಆ ಕಡೆ ಬೀದಿಗೆ ಬರೋದು. ಇದಕ್ಕೆ ತ್ರಾಬೂಲ್ ಅಂತಾರೆ. ನಮ್ಮ ಪೇಟೇಲಿ ಒಂದು ಅಂಗಡಿ ಒಳಗೆ ಹೋಗಿ ಇನ್ನೊಂದು ಗಲ್ಲೀಲಿ ಹೊರಗೆ ಬರ್ತೀವಲ್ಲ, ಥೇಟ್ ಅದೇ, ವ್ಯತ್ಯಾಸ ಅಂದ್ರೆ ಇಲ್ಲಿ ಯಾರೂ ಬನ್ನಿ ಸಾರ್ ಸೀರೆ ನೋಡಿ ಅನ್ನಲ್ಲ. ಊರಲ್ಲಿ ಸುಮಾರು 400 ಇವೆ, ಜನ ನೋಡೋಕೆ ಬಿಡೋದು ನಲವತ್ತರ ಆಸುಪಾಸು. ಎರಡನೇ ಮಹಾಯುದ್ಧದ ಟೈಮಲ್ಲಿ ನಾಜಿಗಳ ಕೈಗೆ ಸಿಗದೆ ತಪ್ಪಿಸ್ಕೊಳ್ಳೋಕೆ ರೆಸಿಸ್ಟೆನ್ಸ್‌ನವರು, ಅಂದ್ರೆ ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡ್ತಿದ್ದ ಫ್ರೆಂಚರು, ಇದೇ ಸಂದಿಗಳನ್ನ ಬಳಸಿದಾರೆ.

ಹುಡುಕೋದು ಹೇಗೆ ಅಂದ್ರೆ, ಹೊರಗಿಂದ ಅವು ಮಾಮೂಲಿ ಮನೆ ಬಾಗಿಲೇ, ಗೋಡೆ ಮೇಲೆ ಚಿಕ್ಕ ಫಲಕ ಇದ್ರೆ ಇರುತ್ತೆ. ಬಾಗಿಲ ಪಕ್ಕ ಬಟನ್ ಒತ್ತಿದ್ರೆ ಟಕ್ ಅಂತ ಸದ್ದಾಗುತ್ತೆ, ಆಗ ಜೋರಾಗಿ ತಳ್ಳಬೇಕು, ನಾನು ಫಸ್ಟ್ ಟೈಮ್ ಕಾದ್ಕೊಂಡು ನಿಂತಿದ್ದೆ ತಾನಾಗೇ ತೆಗೆಯುತ್ತೆ ಅಂತ. ಬೆಳಗ್ಗೆ ಹೊತ್ತು ಬಾಗಿಲು ತೆಗೆಯೋ ಚಾನ್ಸ್ ಜಾಸ್ತಿ, ಅದಕ್ಕೇ ಮ್ಯೂಸಿಯಂ ಬಿಡಿ ಅಂದಿದ್ದು. ಎಲ್ಲಕ್ಕಿಂತ ಉದ್ದದ್ದು 27, ರ್ಯೂ ದ್ಯು ಬೆಫ್‌ನಿಂದ 54, ರ್ಯೂ ಸೇನ್ ಜಾನ್‌ವರೆಗೆ, ಒಂದು ಕಡೆ ಬಾಗಿಲು ತೆಗೀಲಿಲ್ಲ ಅಂದ್ರೆ ಸುತ್ತಾಕ್ಕೊಂಡು ಇನ್ನೊಂದು ಕಡೆಯಿಂದ ಟ್ರೈ ಮಾಡಿ. ರ್ಯೂ ದ್ಯು ಬೆಫ್ ಬೀದಿಯ 16ನೇ ನಂಬರಲ್ಲಿ ಗುಲಾಬಿ ಬಣ್ಣದ ಗೋಪುರ ಇರೋ ಅಂಗಳ ಇದೆ, ಅದನ್ನೂ ಬಿಡಬೇಡಿ. ಒಳಗೆ ಜನ ವಾಸ ಇದಾರೆ, ಮೇಲೆ ಬಟ್ಟೆ ಒಣಗಾಕಿರ್ತಾರೆ, ಕೂಗಾಡ್ಬೇಡಿ, ರೀಲ್ಸ್ ಮಾಡೋಕೆ ಹಾಡು ಹಾಕ್ಬೇಡಿ. ನಮ್ಮ ವಠಾರದೊಳಗೆ ದಿನಾ ಐವತ್ತು ಜನ ಫೋನ್ ಹಿಡ್ಕೊಂಡು ನುಗ್ಗಿದ್ರೆ ನಾವು ಏನಂತಿದ್ವಿ ಯೋಚನೆ ಮಾಡಿ.

ಅಂದಹಾಗೆ ಈ ಹಳೇ ಊರು ಉಳಿದಿದ್ದೇ ಅದೃಷ್ಟ. ಮೇಯರ್ ಆಗಿದ್ದ ಲೂಯಿ ಪ್ರಾಡೆಲ್‌ಗೆ ಇದರ ಮಧ್ಯದಲ್ಲೇ ದೊಡ್ಡ ರಸ್ತೆ ಹೊಡೀಬೇಕು ಅಂತ ಇತ್ತು, ಊರಿನವರು ಬಿಡಲಿಲ್ಲ, 1964ರಲ್ಲಿ ಸರ್ಕಾರ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಮಾಡ್ತು, ಫ್ರಾನ್ಸಲ್ಲಿ ಹಾಗೆ ಮಾಡಿದ ಮೊದಲನೇ ಜಾಗ ಇದು. 1998ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ರಸ್ತೆ ಅಗಲ ಮಾಡೋ ಮಾರ್ಕಿಂಗ್ ಗೋಡೆ ಮೇಲೆ ನೋಡಿ ಬೆಳೆದ ನಮಗೆ ಇದು ಓದಿ ಹೊಟ್ಟೆ ಉರಿಯುತ್ತೆ, ಬಿಡಿ.

54ನೇ ನಂಬರಿಂದ ಹೊರಬಂದು ಬಲಕ್ಕೆ ತಿರುಗಿದ್ರೆ ಸೇನ್ ಜಾನ್ ಕೆಥೆಡ್ರಲ್, ಒಂದು ಇಪ್ಪತ್ತು ನಿಮಿಷ ಸಾಕು. ಆಮೇಲೆ ಊಟ, ಇದ್ರಲ್ಲಿ ಮಾತ್ರ ಟೈಮ್ ತಪ್ಪಿಸ್ಬೇಡಿ. ಹನ್ನೆರಡರಿಂದ ಎರಡು, ಅಷ್ಟೇ. ನಾನು ಎರಡೂ ಕಾಲಿಗೆ ಒಂದು ಹೋಟೆಲ್ ಬಾಗಿಲಲ್ಲಿ ನಿಂತಾಗ ಒಳಗೆ ಅರ್ಧ ಟೇಬಲ್ ಖಾಲಿ ಇದ್ರೂ ಕಿಚನ್ ಮುಚ್ಚಿದೆ ಅಂತ ಕಳಿಸಿದ್ರು, ನಾಲ್ಕು ಗಂಟೆಗೂ ಮಸಾಲೆ ದೋಸೆ ಸಿಗೋ ಊರಿನವನಿಗೆ ಇದು ಅರ್ಥಾನೇ ಆಗ್ಲಿಲ್ಲ. ಇಲ್ಲಿನ ಹೋಟೆಲ್‌ಗಳಿಗೆ ಬುಶೋನ್ ಅಂತಾರೆ, ಕೆಂಪು ಚೌಕಳಿ ಟೇಬಲ್ ಬಟ್ಟೆ, ಜೋರು ಮಾತು, ಹಂದಿ ಮಾಂಸ, ಕರುಳು, ಇಂಥದ್ದೇ ಜಾಸ್ತಿ. ವೆಜ್‌ನವರು ಹೆದರಬೇಡಿ, ಆದ್ರೆ ಬಾಯಿಬಿಟ್ಟು ಕೇಳಿ. ಸೆರ್ವೆಲ್ ದ ಕಾನ್ಯು ಅಂತ ಮೆನುವಲ್ಲಿರುತ್ತೆ, ಅರ್ಥ ನೇಕಾರನ ಮಿದುಳು, ಗಾಬರಿ ಆಗ್ಬೇಡಿ, ಅದು ಗಟ್ಟಿ ಮೊಸರಿನ ಥರದ ಚೀಸಿಗೆ ಸೊಪ್ಪು, ಈರುಳ್ಳಿ ಜಾತಿದು, ಬೆಳ್ಳುಳ್ಳಿ ಹಾಕಿ ಕಲಸಿದ್ದು, ಬ್ರೆಡ್ ಜೊತೆ ನಂಗಂತೂ ಮೊಸರು ಬಜ್ಜಿ ನೆನಪಾಯ್ತು. ಲಿಯೋನ್ ಸಲಾಡಲ್ಲಿ ಹಂದಿ ಮಾಂಸದ ಚೂರು, ಮೊಟ್ಟೆ ಇರುತ್ತೆ, ಸಾನ್ ಲಾರ್ದೋನ್ ಅಂದ್ರೆ ಮಾಂಸ ತೆಗೀತಾರೆ. ಈರುಳ್ಳಿ ಸೂಪನ್ನ ಸಾಮಾನ್ಯವಾಗಿ ಮಾಂಸದ ಸಾರಲ್ಲೇ ಮಾಡೋದು, ಹುಷಾರು. ಕೊನೇಲಿ ಗುಲಾಬಿ ಪ್ರಾಲೀನ್ ಟಾರ್ಟ್ ತಿನ್ನಿ, ಪ್ರಾಲೀನ್ ಅಂದ್ರೆ ಸಕ್ಕರೆ ಪಾಕ ಹಿಡಿಸಿದ ಬಾದಾಮಿ. ನೀರಿಗೆ ಕಾರಾಫ್ ದೋ ಅಂತ ಕೇಳಿ, ನಲ್ಲಿ ನೀರು ಫ್ರೀಯಾಗಿ ತಂದಿಡ್ತಾರೆ, ಬರೀ ವಾಟರ್ ಅಂದ್ರೆ ಬಾಟಲ್ ಬಂದು ಬಿಲ್ಲಲ್ಲಿ ಕೂತಿರುತ್ತೆ. ಇನ್ನೊಂದು, ಯಾವ ಅಂಗಡಿ ಒಳಗೆ ಕಾಲಿಟ್ರೂ ಮೊದಲು ಬೋಂಜೂರ್ ಅನ್ನಿ, ಅನ್ನದೆ ಸೀದಾ ರೇಟ್ ಕೇಳಿದ್ರೆ ಮುಖ ಗಂಟಾಗುತ್ತೆ.

ಊಟ ಆದ್ಮೇಲೆ ಸೋನ್ ದಾಟಿ ಪ್ರೆಸ್ಕಿಲ್. ಬೆಲ್ಕೂರ್ ಚೌಕ ತುಂಬಾ ದೊಡ್ಡದು, ಮಧ್ಯ ಕುದುರೆ ಮೇಲೆ ಹದಿನಾಲ್ಕನೇ ಲೂಯಿ, ಕೆಂಪು ಮಣ್ಣು, ಬಿಸಿಲು, ಅದು ಬಿಟ್ರೆ ಏನಿಲ್ಲ, ದಾಟ್ಕೊಂಡು ಹೋಗ್ತಾ ಇರಿ. ಉತ್ತರಕ್ಕೆ ಇಪ್ಪತ್ತು ನಿಮಿಷ ನಡೆದ್ರೆ ತೆರ್ರೋ ಚೌಕ, ಅಲ್ಲಿ ನಾಲ್ಕು ಕುದುರೆ ಎಳೆಯೋ ಕಾರಂಜಿ ಇದೆ, ನ್ಯೂಯಾರ್ಕಿನ ಸ್ಟ್ಯಾಚ್ಯೂ ಆಫ್ ಲಿಬರ್ಟಿ ಮಾಡಿದ ಬಾರ್ತೋಲ್ದಿಯದ್ದೇ ಕೆಲಸ. ಬೋರ್ಡೋ ಊರಿಗೆ ಅಂತ ಯೋಚನೆ ಮಾಡಿದ್ದಂತೆ, ಅವರು ತಗೊಳ್ಳಲಿಲ್ಲ, ಲಿಯೋನ್ ತಗೊಂಡ್ತು. ಇಲ್ಲಿ ಕಾಫಿ ಕುಡಿದು ಕಾಲು ಚಾಚಿ ಕೂತ್ಕೊಳ್ಳಿ, ಮುಂದೆ ಏರು.

ಕ್ರೋವಾ ರೂಸ್ ಹತ್ತೋಕೆ ಮುಂಚೆ ಪೇಟೆ ಯಾಕೆ ಸುತ್ತಿ ಅಂದೆ ಅಂತ ಹೇಳ್ತೀನಿ. ಚಿಕ್ಕಪೇಟೇಲಿ ಸೀರೆ ತೆಗೀವಾಗ ಜಕಾರ್ಡ್ ಬಾರ್ಡರ್ ಮೇಡಂ ಅಂತಾರಲ್ಲ, ಆ ಜಕಾರ್ಡ್ ಅನ್ನೋದು ಮನುಷ್ಯನ ಹೆಸರು, ಜೋಸೆಫ್ ಮಾರಿ ಜಕಾರ್, ಇದೇ ಊರಿನವನು. ಲಿಯೋನಿಗೆ ರೇಷ್ಮೆ ನೇಯೋ ಹಕ್ಕನ್ನ ರಾಜ ಕೊಟ್ಟಿದ್ದು 1536ರಲ್ಲಿ, ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537 ಅಂತೀವಲ್ಲ, ಒಂದೇ ವರ್ಷದ ಅಂತರ ನೋಡಿ. ಮೊದಲು ಮಗ್ಗದಲ್ಲಿ ಡಿಸೈನ್ ಬರಬೇಕಂದ್ರೆ ಒಬ್ಬ ಹುಡುಗ ಪಕ್ಕದಲ್ಲಿ ಕೂತು ದಾರ ಎಳೀತಾ ಇರಬೇಕಿತ್ತು, 1804ರಲ್ಲಿ ಜಕಾರ್ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಮಾಡಿ ಮಗ್ಗದ ಮೇಲೆ ಕೂರಿಸ್ದ, ತೂತಿದ್ರೆ ದಾರ ಏಳುತ್ತೆ, ಇಲ್ಲಾಂದ್ರೆ ಇಲ್ಲ. ಕಂಪ್ಯೂಟರಿನ ಪಂಚ್ ಕಾರ್ಡಿಗೆ ಮೂಲ ಇದೇ. ಒಂದು ಕಡೆ ಕಬ್ಬನ್‌ಪೇಟೆ ಮಗ್ಗ, ಇನ್ನೊಂದು ಕಡೆ ವೈಟ್‌ಫೀಲ್ಡ್ ಕೋಡಿಂಗ್, ಎರಡರ ಅಜ್ಜನ ಮನೆನೂ ಈ ಗುಡ್ಡದ ಮೇಲೆ ಅಂದ್ಕೊಂಡು ಹತ್ತಿದ್ರೆ ಏದುಸಿರು ಸ್ವಲ್ಪ ಕಮ್ಮಿ ಆಗುತ್ತೆ.

ಮನೆಗಳ ಕಿಟಕಿ ನೋಡಿ, ಉದ್ದುದ್ದ ಇರ್ತವೆ, ಜಕಾರ್ಡ್ ಮಗ್ಗ ಎತ್ತರ ಇರೋದ್ರಿಂದ ಛಾವಣಿ ನಾಲ್ಕು ಮೀಟರ್ ಹತ್ತಿರ ಇಟ್ಟಿದಾರೆ. ಮಗ್ಗದ ಸದ್ದಿಗೆ ಅಲ್ಲಿಯವರು ಬಿಸ್ತಾಂಕ್ಲಾಕ್ ಅಂತಿದ್ರಂತೆ, ನಮ್ಮ ಲಟಕ್ ಪಟಕ್ ಥರ. ದಾರೀಲಿ ಕೋಲ್ಬೆರ್ ಚೌಕದ 9ನೇ ನಂಬರಿಂದ ಕೂರ್ ದೆ ವೊರಾಸ್ ಒಳಗೆ ಹೋಗಿ, ದೊಡ್ಡ ಕಲ್ಲಿನ ಮೆಟ್ಟಿಲು ಅಂಗಳದ ಮುಖಕ್ಕೇ ಅಂಟಿಸಿದ ಹಾಗೆ ಆರು ಅಂತಸ್ತು ಮೇಲೆ ಹೋಗುತ್ತೆ, ಇಡೀ ದಿನದಲ್ಲಿ ಒಂದೇ ಫೋಟೋ ತೆಗೀಬಹುದು ಅಂದ್ರೆ ನಾನು ಇಲ್ಲೇ ತೆಗೀತೀನಿ. ಕೂಲಿಗೆ ಒಂದು ಕನಿಷ್ಠ ರೇಟು ಕೊಡಿ ಅಂತ 1831ರಲ್ಲಿ, ಮತ್ತೆ 1834ರಲ್ಲಿ ಈ ನೇಕಾರರು ದಂಗೆ ಎದ್ದು, ಎರಡು ಸಲಾನೂ ಸೈನ್ಯ ಬಂದಿತ್ತು. ಮೇಲೆ ಹೋದ್ಮೇಲೆ ಮೇಜೋನ್ ದೆ ಕಾನ್ಯು ಅಂತ ಚಿಕ್ಕ ಮ್ಯೂಸಿಯಂ, ಮಗ್ಗ ಓಡಿಸಿ ತೋರಿಸ್ತಾರೆ, ಇದನ್ನ ಮಾತ್ರ ಬಿಡಬೇಡಿ, ಭಾನುವಾರ ರಜೆ, ಅದಕ್ಕೇ ಶನಿವಾರ ಹೋಗಿ ಅನ್ನೋದು. ಇನ್ನೂ ಕಾಲಲ್ಲಿ ಶಕ್ತಿ ಇದ್ರೆ ಹತ್ತು ನಿಮಿಷ ದೂರದಲ್ಲಿ ಮ್ಯೂರ್ ದೆ ಕಾನ್ಯು, ಗೋಡೆ ಮೇಲೆ 1,200 ಚದರ ಮೀಟರ್ ಪೇಂಟಿಂಗ್, ಮೆಟ್ಟಿಲು ನಿಜಾನಾ ಚಿತ್ರಾನಾ ಅಂತ ಎರಡು ಸಲ ನೋಡ್ಬೇಕು.

ಕೊನೇಗೆ ಗ್ರೋ ಕಾಯು. ಅಂದ್ರೆ ದಪ್ಪ ಕಲ್ಲು, ಅಷ್ಟೇ, ಹಿಮನದಿ ಆಲ್ಪ್ಸಿಂದ ತಳ್ಕೊಂಡು ಬಂದು ಬಿಟ್ಟು ಹೋದ ಬಂಡೆ, 1861ರಲ್ಲಿ ಅಗೀವಾಗ ಸಿಕ್ಕಿದ್ದು. ಲಾಲ್‌ಬಾಗ್ ಬಂಡೆ ಮೇಲೆ ಆಡಿ ಬೆಳೆದೋರಿಗೆ ಇದೇನು ಕಲ್ಲು ಅನ್ಸುತ್ತೆ, ಆದ್ರೆ ಅದರ ಪಕ್ಕ ಬೆಂಚಿದೆ, ಎದುರಿಗೆ ರೋನ್ ನದಿ, ಊರಿನ ಪೂರ್ವ ಭಾಗ ಪೂರ್ತಿ. ಜೂನಲ್ಲಾದ್ರೆ ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತೆ, ಡಿಸೆಂಬರಲ್ಲಿ ಐದಕ್ಕೇ ಕತ್ತಲೆ, ಹಂಗಾಗಿ ಚಳಿಗಾಲದಲ್ಲಿ ಹೋಗೋರು ಊಟ ಆದ ತಕ್ಷಣ ಈ ಗುಡ್ಡಕ್ಕೆ ಹೊರಟ್ಬಿಡಿ.

ವಾಪಸ್ಸು ನಡೀಬೇಡಿ. ಕ್ರೋವಾ ರೂಸ್ ಸ್ಟೇಷನ್ನಿಂದ ಮೆಟ್ರೋ ಸಿ ಹತ್ತಿ, ಇಳಿಜಾರಿಗೆ ಹಲ್ಲಿನ ಗಾಲಿ ಹಾಕಿರೋ ರೈಲು ಅದು, ಓತೆಲ್ ದ ವೀಲ್‌ನಲ್ಲಿ ಎ ಲೈನಿಗೆ, ಶಾರ್ಪೆನ್‌ನಲ್ಲಿ ಬಿ ಲೈನಿಗೆ ಬದಲಾಯಿಸಿದ್ರೆ ಮತ್ತೆ ಪಾರ್ ದ್ಯೂ. ಟ್ರೈನಿಗೆ ಮುಕ್ಕಾಲು ಗಂಟೆ ಮುಂಚೆ ಗುಡ್ಡ ಬಿಡಿ. ನಾನು ಅರ್ಧ ಗಂಟೆ ಇಟ್ಕೊಂಡಿದ್ದೆ, ಸುಲಿದ ಹಿಮ್ಮಡೀಲಿ ಪ್ಲಾಟ್‌ಫಾರ್ಮ್ ಪೂರ್ತಿ ಓಡಿದೀನಿ.